ಅಂಗಳದಲ್ಲಿ ನಿಂತ ಏಳು ಪ್ಯಾಂಟು

ಪ್ಯಾಂಟು ಎಂದರೆ ಏನು? ನಲವತ್ತೊಂದು ವರ್ಷ ಜೊತೆಯಾಗಿ ಸಂಸಾರ ಮಾಡಿದ ಹ್ಯಾಲ್ವರ್ ಟ್ವೇಟ್ ಮತ್ತು ಅವನ ಹೆಂಡತಿ ಆರ್ಡಿಸ್ ಈ ಪ್ರಶ್ನೆಗೆ ಒಂದೇ ಉತ್ತರ ಕೊಟ್ಟದ್ದು ಇಲ್ಲವೇ ಇಲ್ಲ.

ಹ್ಯಾಲ್ವರನನ್ನು ಕೇಳಿದರೆ, ಪದ ಒಂದೇ ಆದರೂ ಪದಾರ್ಥ ಏಳು. ಬಣ್ಣ ಬಳಿಯುವ ಪ್ಯಾಂಟು ಬೇರೆ, ಕಾರಿನ ಕೆಳಗೆ ಮಲಗುವ ಪ್ಯಾಂಟು ಬೇರೆ. ಮೀನು ಹಿಡಿಯಲು ಒಂದು, ಹಿಡಿದ ಮೀನು ಹೆಚ್ಚಲು ಇನ್ನೊಂದು. ಹಿಮ ತೋಡಲು ಒಂದು. ‘ತೆಳ್ಳಗಾದ ಮೇಲೆ ಹಾಕಿಕೊಳ್ಳಲು’ ಅಂತ ಒಂದು (ಅದು ಹತ್ತೊಂಬತ್ತು ವರ್ಷದಿಂದ ಕಾಯುತ್ತಿದೆ). ಚರ್ಚಿಗೆ ಹೋಗುವ ಪ್ಯಾಂಟು ಈ ಪಟ್ಟಿಯಲ್ಲಿಲ್ಲ, ಅದು ದೇವರಿಗೆ ಸೇರಿದ್ದು. ಏಳನೆಯದು, ಎಲ್ಲಕ್ಕೂ ಚಕ್ರವರ್ತಿ, ಮೈತುಂಬ ಸಾಲುಸಾಲು ಗೀರುಗಳ ಕಂದು ಬಣ್ಣದ ಕಾರ್ಡರಾಯ್ ಪ್ಯಾಂಟು. ನಡೆದರೆ ಸರಕ್ ಸರಕ್ ಎಂದು ಸದ್ದು ಮಾಡುತ್ತಿತ್ತು. ಅಡುಗೆಮನೆಯನ್ನು ಅವನು ತನ್ನ ಕೈಯಾರೆ ಕಟ್ಟಿದ ಚಳಿಗಾಲವಿಡೀ ಅದನ್ನೇ ಹಾಕಿಕೊಂಡಿದ್ದ. ಮೊಳೆ ತುಂಬಿ ತುಂಬಿ ಹರಿದ ಬಲಜೇಬನ್ನು ಆರ್ಡಿಸ್ ಆಗ ಕೆಂಪು ದಾರದಲ್ಲಿ ಹೊಲಿದಿದ್ದಳು, ಕಂದು ದಾರ ಮನೆಯಲ್ಲಿರಲಿಲ್ಲ. ಈಗ ಮಂಡಿಯ ಹತ್ತಿರ ಗೀರುಗಳೆಲ್ಲ ಸವೆದು ಬೋಳುತಲೆಯ ಹಾಗೆ ಮಿಂಚುತ್ತಿದ್ದರೂ ಅದರ ಮೇಲೆ ಹ್ಯಾಲ್ವರನಿಗೆ ಪ್ರಾಣ. ಮುಚ್ಚಿಡುವುದೇಕೆ, ಕೆಲವು ಸಂಬಂಧಿಕರಿಗಿಂತ ಆ ಪ್ಯಾಂಟೇ ಅವನಿಗೆ ಹತ್ತಿರವಾಗಿತ್ತು.

ಆರ್ಡಿಸಳ ನಿಘಂಟಿನಲ್ಲಿ ಪ್ಯಾಂಟು ಎಂದರೆ ಹದಿನಾರು ಚೌಕ. ಕಾಲಿಗೆ ಎಂಟರಂತೆ. ಅವಳು ಲುಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಪ್ರತಿ ಮಂಗಳವಾರ ಸೇರುವ ಕೌದಿ ಸಂಘದ ಅಧ್ಯಕ್ಷೆ. ಊರಿನ ಹಳೆ ಬಟ್ಟೆಯನ್ನೆಲ್ಲ ಚೌಕ ಚೌಕ ಕತ್ತರಿಸಿ, ಕೌದಿ ಹೊಲಿದು, ಎಲ್ಲೆಲ್ಲಿಯೋ ಚಳಿಯಲ್ಲಿ ನಡುಗುವವರಿಗೆ ಕಳಿಸುವ ಪುಣ್ಯದ ಕೆಲಸ. ಇಂಥ ಪುಣ್ಯದ ಕೆಲಸಕ್ಕೆ ಅಡ್ಡ ಬರುವುದಕ್ಕೆಂದೇ ದೇವರು ಗಂಡಂದಿರನ್ನು ಸೃಷ್ಟಿಸಿದ್ದಾನೆ ಎಂಬುದು ಸಂಘದ ಒಮ್ಮತದ ಅಭಿಪ್ರಾಯ.

“ಹ್ಯಾಲ್ವರ್, ಈ ವರ್ಷ ನಮಗೆ ಕಂದು ಬಣ್ಣ ಸಾಲ್ತಾ ಇಲ್ಲ.”

“ಅಂಗಡೀಲಿ ಸಿಗುತ್ತಲ್ಲ.”

“ನಿನ್ನ ಕಪಾಟಲ್ಲೂ ಸಿಗುತ್ತೆ.”

“ಅದು ನನ್ನ ಪ್ಯಾಂಟು, ಆರ್ಡಿಸ್! ನಾನಿನ್ನೂ ಬದುಕಿದೀನಿ!”

“ನೀನು ಬದುಕಿದೀಯ. ಪ್ಯಾಂಟು ಸತ್ತು ಎಷ್ಟೋ ವರ್ಷ ಆಯ್ತು. ನೋಡು, ನಾನೇನು ಕಿತ್ಕೊಳ್ಳೋಳಲ್ಲ. ನಿನ್ನ ಬಾಯಿಂದ ನೀನಾಗೇ ‘ಬೇಡ’ ಅನ್ನೋ ತನಕ ಅದರ ಒಂದು ದಾರಾನೂ ಮುಟ್ಟಲ್ಲ. ಆದ್ರೆ ಮಂಗಳವಾರದ ಹೊತ್ತಿಗೆ ಆ ಕಪಾಟು ಖಾಲಿ ಆಗಿರ್ಬೇಕು, ಅಷ್ಟೆ.”

ಇದು ನಡೆದದ್ದು ಶುಕ್ರವಾರ ಬೆಳಿಗ್ಗೆ. ಮಿನಸೋಟದ ಉತ್ತರ ತುದಿಯ ನೋರ್ಬಿ ಎಂಬ ಆ ಊರಿನಲ್ಲಿ ಅಂದು ಚಳಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿಳಿದಿತ್ತು. ಹ್ಯಾಲ್ವರ್ ತಲೆಯ ಮೇಲೆ ಕೈ ಹೊತ್ತು ಕಿಟಕಿಯ ಬಳಿ ಕೂತ. ಎದುರುಮನೆಯ ಡೆಲ್ಮರನ ಕಾರು ನಿಲ್ಲುವ ಜಾಗದಲ್ಲಿ ಒಂದು ಜೀನ್ಸು ತಾನೇ ತಾನಾಗಿ ನಿಂತಿತ್ತು. ಒಳಗೆ ಯಾರೂ ಇಲ್ಲ, ಬರೀ ಜೀನ್ಸು. ಆ ಊರಿನಲ್ಲಿ ಹಿಮ ತೋಡಿ ಕಾರಿಗೆ ಜಾಗ ಮಾಡಿಕೊಂಡವನು, ಕಾರು ತೆಗೆಯುವಾಗ ಅಲ್ಲೊಂದು ಒದ್ದೆ ಪ್ಯಾಂಟನ್ನು ನಿಲ್ಲಿಸಿ ಹೋಗುತ್ತಾನೆ. ಅದು ಹತ್ತು ನಿಮಿಷದಲ್ಲಿ ಹೆಪ್ಪುಗಟ್ಟಿ ದ್ವಾರಪಾಲಕನಂತೆ ನಿಲ್ಲುತ್ತದೆ. ಪ್ಯಾಂಟು ನಿಂತ ಜಾಗದಲ್ಲಿ ಊರ ಮೇಯರ್ ಕೂಡ ಕಾರು ನುಗ್ಗಿಸುವುದಿಲ್ಲ.

ಹ್ಯಾಲ್ವರನ ತಲೆಯಲ್ಲಿ ದೀಪ ಹತ್ತಿತು. ಕಪಾಟು ಖಾಲಿಯಾಗಬೇಕು, ಅಷ್ಟೇ ತಾನೆ? ಅಂಗಳ ಕಪಾಟಲ್ಲವಲ್ಲ! ಕಲ್ಲಿನ ಹಾಗೆ ಸೆಟೆದು ನಿಂತ ಬಟ್ಟೆಗೆ ಯಾವ ಕತ್ತರಿ ನಾಟೀತು? ಮಾರ್ಚಿ ಮುಗಿಯುವವರೆಗೂ ಕರಗುವ ಮಾತೇ ಇಲ್ಲ. ಅಷ್ಟರಲ್ಲಿ ಈ ವರ್ಷದ ಕೌದಿಗಳೆಲ್ಲ ಹಡಗು ಹತ್ತಿರುತ್ತವೆ.

ಏಳೂ ಪ್ಯಾಂಟುಗಳಿಗೆ ಸ್ನಾನದ ತೊಟ್ಟಿಯಲ್ಲಿ ಮಂಗಳಸ್ನಾನವಾಯಿತು. ಒಂದೊಂದನ್ನೇ ಹೊರಗೊಯ್ದು, ಸೊಂಟದೊಳಗೆ ಬಕೆಟ್ ತೂರಿಸಿ ದುಂಡಗೆ ಮಾಡಿ, ಅರ್ಧ ಗಟ್ಟಿಯಾದಾಗ ಮಂಡಿ ತಿದ್ದಿ, ಹಿಮದಲ್ಲಿ ನೆಟ್ಟ. ಮೀನು ಹಿಡಿಯುವ ಪ್ಯಾಂಟು ತುಸು ಬಾಗಿ ನಿಂತಿತು. ಬಣ್ಣದ ಪ್ಯಾಂಟು ಕಾಲಗಲಿಸಿ ನಿಂತಿತು. ತೆಳ್ಳಗಾಗುವ ಪ್ಯಾಂಟು ನಾಚಿಕೊಂಡು ಹಿಂದೆ ನಿಂತಿತು. ನಟ್ಟನಡುವೆ, ಒಂದು ಕಾಲು ಮುಂದಿಟ್ಟು, ಕಾರ್ಡರಾಯ್ ಸಾರ್ವಭೌಮ.

ಆರ್ಡಿಸ್ ಬಾಗಿಲು ತೆರೆದು, ನೋಡಿ, “ಹೂಂ” ಎಂದಳು. ಬಾಗಿಲು ಹಾಕಿಕೊಂಡಳು. ಗೆದ್ದೆ ಎಂದುಕೊಂಡ ಹ್ಯಾಲ್ವರ್ ಮನಸ್ಸಿನಲ್ಲೇ ಮೀಸೆ ತಿರುವಿದ (ಮುಖದ ಮೇಲಿನದು ಹೆಪ್ಪುಗಟ್ಟಿತ್ತು).

ಡೆಲ್ಮರ್ ಸಂತೋಷ ತಾಳಲಾರದೆ ಅವನನ್ನು ಮನೆಗೆ ಕರೆದೊಯ್ದ.

“ಕಾಫಿ ಕುಡೀತೀಯಾ?”

“ಬೇಡಪ್ಪ.”

“ಬಿಸಿಬಿಸಿ ಇದೆ ಕಣೋ. ಸ್ವಲ್ಪ?”

“ಛೆ ಛೆ, ನಿನಗ್ಯಾಕೆ ತೊಂದರೆ.”

“ಆಗಲೇ ಕಾಯಿಸಿ ಆಗಿದೆ ಮಾರಾಯ.”

“ಹಾಗಂತೀಯಾ? ಸರಿ, ಅರ್ಧ ಕಪ್ಪು ಕೊಡು.”

ಅರ್ಧರ್ಧ ಕಪ್ಪಿನಂತೆ ಆರು ಸಲ ಕುಡಿದ. ನೋರ್ಬಿಯಲ್ಲಿ ಹುಟ್ಟಿದವರು ಮೂರನೆಯ ಸಲ ಕೇಳುವವರೆಗೂ ಯಾವುದಕ್ಕೂ ಹೂಂ ಅನ್ನುವುದಿಲ್ಲ. ಮೊದಲ ಸಲಕ್ಕೇ ಒಪ್ಪುವವನು ದುರಾಸೆಯವನು, ಎರಡನೆಯದಕ್ಕೆ ಒಪ್ಪುವವನು ಪರ ಊರಿನವನು. ಹ್ಯಾಲ್ವರ್ ಮದುವೆ ಮಂಟಪದಲ್ಲಿ ಪಾದ್ರಿಯ ಪ್ರಶ್ನೆಗೂ ಎರಡು ಸಲ ಸುಮ್ಮನಿದ್ದು ಆಮೇಲೆ ಒಪ್ಪಿದನೆಂದು ಡೆಲ್ಮರ್ ಇಂದಿಗೂ ಹೇಳುತ್ತಾನೆ. ಅದು ಸುಳ್ಳು. ಒಂದು ಸಲ ಮಾತ್ರ ಸುಮ್ಮನಿದ್ದದ್ದು.

ಶನಿವಾರ ಊರೆಲ್ಲ ಅಂಗಳದ ಮುಂದೆ ಕಾರು ನಿಧಾನ ಮಾಡಿಕೊಂಡು ಹೋಯಿತು. ಮಧ್ಯಾಹ್ನ ಊರ ಪತ್ರಿಕೆಯ ಹುಡುಗಿ ಬ್ರಿಟಾ ಕ್ಯಾಮೆರಾ ಹಿಡಿದು ಬಂದಳು.

“ಟ್ವೇಟ್ ಅವ್ರೇ, ಎಷ್ಟು ಅದ್ಭುತವಾಗಿದೆ! ಅದರಲ್ಲೂ ಆ ಕಂದು ಪ್ಯಾಂಟು, ಇನ್ನೇನು ನಡೆದು ಬಂದೇಬಿಡುತ್ತೆ ಅನ್ನೋ ಹಾಗಿದೆ!”

ಹ್ಯಾಲ್ವರನ ಎದೆಯುಬ್ಬಿತು. ಉಬ್ಬಿದ ಎದೆಯನ್ನು ಕೂಡಲೇ ಒಳಗೆಳೆದುಕೊಂಡ. ತನ್ನ ವಸ್ತು ಚೆನ್ನಾಗಿದೆ ಎಂದು ತಾನೇ ಒಪ್ಪಿಕೊಳ್ಳುವುದು ಆ ಊರಿನಲ್ಲಿ ಕಳ್ಳತನಕ್ಕಿಂತ ಒಂದೇ ಮೆಟ್ಟಿಲು ಕೆಳಗಿನ ಪಾಪ.

“ಅಯ್ಯೋ, ಇದರಲ್ಲೇನಿದೆಯಮ್ಮ. ಹಳೇ ಪ್ಯಾಂಟುಗಳು.”

“ಇಲ್ಲ ಇಲ್ಲ, ಇಡೀ ಊರೇ ಹೊಗಳ್ತಾ ಇದೆ!”

“ಊರಿಗೇನು ಕೆಲಸ. ಯಾವ ಉಪಯೋಗಕ್ಕೂ ಬರಲ್ಲ ಅವು.”

“ಆ ಕಂದು ಪ್ಯಾಂಟು ಕೂಡ?”

“ಅದಂತೂ ಏನೇನೂ ಅಲ್ಲ!” ವಿನಯ ಅವನ ನೆತ್ತಿಗೇರಿತ್ತು. “ಯಾರಿಗಾದ್ರೂ ಬೇಕಿದ್ರೆ ತಗೊಂಡು ಹೋಗ್ಲಿ, ಅಂಗಳ ಸ್ವಚ್ಛ ಆಗುತ್ತೆ!”

ಬ್ರಿಟಾ ಎಲ್ಲವನ್ನೂ ಬರೆದುಕೊಂಡಳು.

ಸೋಮವಾರ ಮುಂಜಾನೆಯೇ ಹ್ಯಾಲ್ವರ್ ಮತ್ತು ಡೆಲ್ಮರ್ ಕೆರೆಗೆ ಹೋಗಿ, ಮಂಜುಗಡ್ಡೆಯಲ್ಲಿ ತೂತು ಕೊರೆದು, ಆ ತೂತನ್ನು ಏಳು ಗಂಟೆ ಕಾಲ ದಿಟ್ಟಿಸಿದರು. ಮೂರು ಮೀನು ಸಿಕ್ಕವು. ಮನೆಗೆ ಬಂದರೆ ಅಂಗಳದಲ್ಲಿ ಹದಿನಾಲ್ಕು ಗುಂಡಿಗಳಿದ್ದವು. ಎರಡೆರಡರಂತೆ, ಏಳು ಜೋಡಿ. ಪ್ಯಾಂಟು ಒಂದೂ ಇರಲಿಲ್ಲ.

“ಕಳ್ಳರು!” ಹ್ಯಾಲ್ವರ್ ಕೂಗಿದ. “ಡೆಲ್ಮರ್, ಪೊಲೀಸರನ್ನ ಕರಿ!”

ಡೆಲ್ಮರ್ ತನ್ನ ಅಂಚೆಪೆಟ್ಟಿಗೆಯಿಂದ ಅಂದಿನ ಪತ್ರಿಕೆ ತೆಗೆದು ಗಟ್ಟಿಯಾಗಿ ಓದಿದ: “‘ಯಾವ ಉಪಯೋಗಕ್ಕೂ ಬರಲ್ಲ. ಬೇಕಾದವರು ತಗೊಂಡು ಹೋಗ್ಲಿ ಎನ್ನುತ್ತಾರೆ ಉದಾರಿ ಟ್ವೇಟ್.’ ಹ್ಯಾಲ್ವರ್, ಕಳ್ಳ ನೀನೇ ಕಣೋ. ಹೊರಡು, ಹುಡುಕೋಣ.”

ಕಾರಿನಲ್ಲಿ ಊರು ಸುತ್ತಿದರು. ಗ್ರಂಥಾಲಯದ ಮುಂದೆ ಮೀನು ಹಿಡಿಯುವ ಪ್ಯಾಂಟು ಬಾಗಿ ಜಾಗ ಕಾಯುತ್ತಿತ್ತು. ಪಾದ್ರಿಯ ಮನೆ ಮುಂದೆ ಮೀನು ಹೆಚ್ಚುವ ಪ್ಯಾಂಟು. ಬೇಕರಿಯ ಎದುರು ತೆಳ್ಳಗಾಗುವ ಪ್ಯಾಂಟಿಗೆ ಯಾರೋ ಉಣ್ಣೆಯ ಮಫ್ಲರ್ ಕಟ್ಟಿ ಇನ್ನಷ್ಟು ನಾಚಿಸಿದ್ದರು. ಉಳಿದವೂ ಅಲ್ಲಲ್ಲಿ ಕಂಡವು, ಕಾರ್ಡರಾಯ್ ಮಾತ್ರ ಎಲ್ಲೂ ಇಲ್ಲ.

ನಿವೃತ್ತ ಶಾಲಾ ಟೀಚರ್ ಈಲಿನ್ ಬ್ಯಾಕಿಯ ಮನೆ ಮುಂದೆ ಬಣ್ಣದ ಪ್ಯಾಂಟು ಕಾಲಗಲಿಸಿ ನಿಂತಿತ್ತು. “ನೇರವಾಗಿ ಕೇಳಿಬಿಡ್ತೀನಿ” ಎಂದು ಹ್ಯಾಲ್ವರ್ ಬಾಗಿಲು ತಟ್ಟಿದ.

“ಬಾ ಹ್ಯಾಲ್ವರ್, ಬಾ! ನೀನು ಕೊಟ್ಟ ಪ್ಯಾಂಟು ನೋಡಿದೆಯಾ? ಇಪ್ಪತ್ತು ವರ್ಷದಿಂದ ಆ ಪಕ್ಕದ ಮನೆಯವನು ನನ್ನ ಜಾಗದಲ್ಲಿ ಕಾರು ತುರುಕ್ತಾ ಇದ್ದ. ಇವತ್ತು ಹತ್ರಾನೂ ಸುಳೀಲಿಲ್ಲ. ನಿನ್ನ ಹೆಸರು ಹೇಳಿ ದೀಪ ಹಚ್ಚಬೇಕು.”

“ಅದೇ, ಆ ಪ್ಯಾಂಟಿನ ವಿಷಯವಾಗೇ...”

“ಏನು? ವಾಪಸ್ ಬೇಕಾ?”

ಕೇಳಿದಳು! ಬಾಯಿ ಬಿಟ್ಟು ಕೇಳಿದಳು! ಆದರೆ ಇದು ಮೊದಲನೆಯ ಸಲ. ಹ್ಯಾಲ್ವರನ ನಾಲಿಗೆ ಅರವತ್ತೆಂಟು ವರ್ಷದ ಅಭ್ಯಾಸದಂತೆ ತಾನಾಗಿ ಹೊರಳಿತು.

“ಅಯ್ಯೋ, ಇಲ್ಲಪ್ಪ! ಚೆನ್ನಾಗಿ ನಿಂತಿದೆಯಾ ಅಂತ ನೋಡಿ ಹೋಗೋಕೆ ಬಂದೆ.”

“ಎಂಥಾ ಒಳ್ಳೆ ಮನಸ್ಸು ನಿಂದು” ಎಂದ ಈಲಿನ್ ಅವನ ಕೈಗೆ ರೂಬಾರ್ಬ್ ಕೇಕಿನ ಡಬ್ಬಿ ಕೊಟ್ಟಳು. ಪಾದ್ರಿಯ ಮನೆಯಿಂದ ಶುಂಠಿ ಬಿಸ್ಕತ್ತು ಬಂತು. ಗ್ರಂಥಾಲಯದವಳು ಬೆಣ್ಣೆ ಸಕ್ಕರೆ ಸವರಿದ ಲೆಫ್ಸೆ ರೊಟ್ಟಿ ಸುತ್ತಿಕೊಟ್ಟಳು. ಕಾರಿನ ಹಿಂದಿನ ಸೀಟು ತುಂಬಿತು, ಪ್ಯಾಂಟು ಒಂದೂ ಬರಲಿಲ್ಲ.

ಸೋತ ಮುಖ ಹೊತ್ತು ಹ್ಯಾಲ್ವರ್ ಮನೆಗೆ ಬಂದ. ಆರು ಹೋದದ್ದಕ್ಕೆ ಅವನಿಗೆ ದುಃಖವಿರಲಿಲ್ಲ. ಅಂಗಳದಲ್ಲಿ ಏಳನೆಯದು ನಿಂತಿದ್ದ ಎರಡು ಗುಂಡಿಗಳನ್ನು ಮಾತ್ರ ತುಳಿಯದೆ ಬಳಸಿ ಬಂದ. ಕೈ ತೊಳೆಯಲು ಬಚ್ಚಲಿನ ಬಾಗಿಲು ತೆರೆದ.

ಸ್ನಾನದ ತೊಟ್ಟಿಯಲ್ಲಿ ಕಾರ್ಡರಾಯ್ ಪ್ಯಾಂಟು ನಿಂತಿತ್ತು. ಮಂಡಿಯವರೆಗೆ ಕರಗಿ, ತೊಟ್ ತೊಟ್ ಎಂದು ಹನಿಯುತ್ತ, ಬಲಜೇಬಿನ ಕೆಂಪು ದಾರ ತೋರಿಸುತ್ತ, ನಿಧಾನವಾಗಿ ಕುಳಿತುಕೊಳ್ಳುತ್ತಿತ್ತು.

“ಆರ್ಡಿಸ್!”

“ಕಿರುಚಬೇಡ.” ಅವಳು ಟವೆಲ್ ಹಿಡಿದು ಹಿಂದೆಯೇ ಬಂದಳು. “ಮಧ್ಯಾಹ್ನ ಪೇಪರ್ ಓದಿದೋಳು ಚಪ್ಪಲೀಲೇ ಹೊರಗೆ ಓಡಿದೆ. ಆ ಹಲ್ಲಿನ ಡಾಕ್ಟರು ಆಗಲೇ ಒಂದು ಕಾಲು ಹಿಡ್ಕೊಂಡಿದ್ದ. ನಾನೊಂದು ಕಾಲು ಹಿಡ್ಕೊಂಡೆ. ಅವನು ಎಳೆದ, ನಾನು ಎಳೆದೆ. ಕೊನೆಗೆ ‘ತಗೊಳ್ಳಿ, ತಗೊಳ್ಳಿ’ ಅಂತ ಅವನು ನಂಗೆ ಹೇಳೋದು, ‘ಇಲ್ಲ, ನೀವೇ ತಗೊಳ್ಳಿ’ ಅಂತ ನಾನು ಹೇಳೋದು. ಮೂರನೇ ಸಲಕ್ಕೆ ಒಪ್ಕೊಂಡು ಎತ್ಕೊಂಡು ಬಂದೆ.”

ಹ್ಯಾಲ್ವರನ ಕಣ್ಣು ತುಂಬಿತು. ಈ ಹೆಂಗಸಿನ ಮೇಲೆ ಅವನು ಎಷ್ಟು ಅನುಮಾನಪಟ್ಟಿದ್ದ! ತನ್ನ ಪ್ಯಾಂಟಿಗಾಗಿ ಮೂವತ್ತು ಡಿಗ್ರಿ ಚಳಿಯಲ್ಲಿ ಚಪ್ಪಲಿಯಲ್ಲಿ ಓಡಿದವಳು! ಅಪ್ಪಿಕೊಳ್ಳಬೇಕೆನಿಸಿತು. ಆದರೆ ಅಂದು ಕ್ರಿಸ್ಮಸ್ಸೂ ಅಲ್ಲ, ಯಾರ ಹುಟ್ಟುಹಬ್ಬವೂ ಅಲ್ಲ, ಹಾಗಾಗಿ ಅವಳ ತೋಳನ್ನು ಒಮ್ಮೆ ತಟ್ಟಿದ.

ಆರ್ಡಿಸ್ ಪ್ಯಾಂಟಿನ ಸೊಂಟ ಹಿಡಿದು ಮೃದುವಾಗಿ ಕೇಳಿದಳು. “ಹಾಗಾದ್ರೆ, ಇದು ಬೇಕಾ ನಿನಗೆ, ಹ್ಯಾಲ್ವರ್?”

“ಅಯ್ಯೋ, ಹಳೇದು ಅದು. ಬಿಡು.”

“ನಿಜವಾಗ್ಲೂ? ಒಗೆದು ಇಸ್ತ್ರಿ ಮಾಡಿ ಕಪಾಟಲ್ಲಿ ಇಡ್ತೀನಿ. ಬೇಡ್ವಾ?”

“ಛೆ ಛೆ, ನಿನಗ್ಯಾಕೆ ತೊಂದರೆ. ಬೇಡ.”

ಹೇಳಿ ಹ್ಯಾಲ್ವರ್ ಮುಗುಳ್ನಗುತ್ತ ಕಾದ. ತೊಟ್ಟಿಯಲ್ಲಿ ನೀರು ಹನಿಯಿತು. ಮೂರನೆಯ ‘ಬೇಕಾ’ಕ್ಕೆ ‘ಹಾಗಂತೀಯಾ? ಸರಿ’ ಎಂಬ ಉತ್ತರ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿ ಕೂತಿತ್ತು. ಆರ್ಡಿಸ್ ಅವನನ್ನು ನೋಡಿದಳು. ನಲವತ್ತೊಂದು ವರ್ಷ ಅವನಿಗೆ ಪ್ರತಿಯೊಂದನ್ನೂ ಮೂರು ಸಲ ಕೇಳಿದ ಹೆಂಗಸು ಅವಳು.

“ಸರಿ ಹಾಗಾದ್ರೆ” ಎಂದು ಟವೆಲ್ಲಿನಲ್ಲಿ ಪ್ಯಾಂಟನ್ನು ಸುತ್ತಿಕೊಂಡು ಹೊರಗೆ ಹೋದಳು.

ಮಂಗಳವಾರ ಸಂಘಕ್ಕೆ ಬಟ್ಟೆಯ ಚೀಲ ಹೊತ್ತುಕೊಂಡು ಹೋದವನೂ ಹ್ಯಾಲ್ವರನೇ. ನೆಲಮಾಳಿಗೆಯಲ್ಲಿ ಹನ್ನೊಂದು ಮಂದಿ ಹೆಂಗಸರು, ಹನ್ನೊಂದು ಕತ್ತರಿ. ಅವನ ಕಣ್ಣೆದುರೇ ಕಾಲಿಗೆ ಎಂಟರಂತೆ ಚೌಕಗಳು ಬಿದ್ದವು. ಕೊನೆಗೆ ಆರ್ಡಿಸ್ ಕೆಂಪು ದಾರದ ಆ ಜೇಬನ್ನು ಎತ್ತಿ ಹಿಡಿದಳು. “ಇದು ಚೌಕಕ್ಕೆ ಬರಲ್ಲ. ಹ್ಯಾಲ್ವರ್, ನಿನಗೆ ಬೇ...”

“ಬೇಕು!” ಹ್ಯಾಲ್ವರ್ ಕಿರುಚಿದ.

ಹನ್ನೊಂದು ಕತ್ತರಿಗಳೂ ನಿಂತವು. ಮೊದಲನೆಯ ಸಲಕ್ಕೇ! ಅದೂ ಪ್ರಶ್ನೆ ಮುಗಿಯುವ ಮೊದಲೇ! ಈಲಿನ್ ಬ್ಯಾಕಿ ಕನ್ನಡಕ ತೆಗೆದು ಒರೆಸಿಕೊಂಡಳು. “ಪಾಪ ಆರ್ಡಿಸ್, ಹೇಗೆ ಬಾಳ್ವೆ ಮಾಡ್ತೀಯೋ” ಎಂದು ಯಾರೋ ನಿಟ್ಟುಸಿರುಬಿಟ್ಟರು. ಹ್ಯಾಲ್ವರ್ ಯಾವುದನ್ನೂ ಕೇಳಿಸಿಕೊಳ್ಳದೆ ಜೇಬನ್ನು ಜೇಬಿನಲ್ಲಿಟ್ಟುಕೊಂಡ.

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಎಲ್ಲರೂ ಕಾಫಿಗೆ ಕೂತರು. ಈಲಿನ್ ಬಿಸಿ ಕೆಟಲು ಹಿಡಿದು ಅವನ ಬಳಿ ಬಂದಳು.

“ಕಾಫಿ ಹಾಕ್ಲಾ, ಹ್ಯಾಲ್ವರ್?”

“ಬೇಡಪ್ಪ” ಎಂದ, ಅಭ್ಯಾಸದಂತೆ.

“ಬೇಕಿದ್ರೆ ನೀನು ಮೊದಲ ಸಲಕ್ಕೇ ಹೇಳ್ತೀಯಲ್ಲ, ಗೊತ್ತು ಬಿಡು” ಎಂದು ಈಲಿನ್ ಮುಂದಿನ ಕುರ್ಚಿಗೆ ಹೋದಳು.