ಮಗ್ಗದ ಮೂಲೆಯ ಕಬ್ಬಿಣ

ಭಾರ ಎತ್ತುವವನಿಗೆ ಭಾರಕ್ಕಿಂತ ಹೆಚ್ಚು ತೊಂದರೆ ಕೊಡುವವರು ಸುತ್ತಮುತ್ತಲಿನ ಜನ ಎಂಬುದು ನನ್ನ ಅನುಭವ. ಕಬ್ಬಿಣ ಪಾಪ, ನೆಲದ ಮೇಲೆ ತನ್ನ ಪಾಡಿಗೆ ತಾನು ಬಿದ್ದಿರುತ್ತದೆ. ನಾನು ಅದನ್ನು ಮುಟ್ಟಲು ಹೋದಾಗಿನಿಂದ ಮಾತ್ರ ಏನಾದರೊಂದು ಆಗುತ್ತಲೇ ಇದೆ.

ನಾನು ಇಳಕಲ್ಲಿನ ನೇಕಾರ. ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ಪವರ್ ಮಗ್ಗಗಳಿವೆ. ಒಂದರ ಮುಂದೆ ನಾನು, ಇನ್ನೊಂದರ ಮುಂದೆ ಹೆಂಡತಿ. ನಲವತ್ತು ದಾಟಿದ ಮೇಲೆ ಒಂದು ದಿನ ಮೊಬೈಲಿನಲ್ಲಿ ಒಲಿಂಪಿಕ್ಸ್ ನೋಡುತ್ತಿದ್ದೆ. ನೆಲದ ಮೇಲಿನ ಕಬ್ಬಿಣವನ್ನು ಒಂದೇ ಎಳೆತಕ್ಕೆ ತಲೆಯ ಮೇಲೆ ಹಿಡಿದು, ಅದರ ಕೆಳಗೆ ಕುಕ್ಕರಗಾಲಲ್ಲಿ ಕೂತು, ಆಮೇಲೆ ಎದ್ದು ನಿಲ್ಲುವ ಸ್ನ್ಯಾಚ್ ಎಂಬ ವರಸೆ ಕಂಡು ಮರುಳಾಗಿಬಿಟ್ಟೆ. ನಮ್ಮ ಓಣಿಯಲ್ಲಿ ನಿವೃತ್ತರಾದ ಪಿ.ಟಿ. ಮಾಸ್ತರರೊಬ್ಬರಿದ್ದಾರೆ. ಕಾಲೇಜಿನ ಕಾಲದಲ್ಲಿ ಭಾರ ಎತ್ತಿದವರು. ಹೋಗಿ ಅವರ ಕಾಲಿಗೆ ಬಿದ್ದೆ. ಅವರು ನನ್ನ ಹೊಟ್ಟೆಯನ್ನೇ ಸ್ವಲ್ಪ ಹೊತ್ತು ನೋಡಿ, "ನೀ ದಿನಾ ಎತ್ತಕೊಂಡು ತಿರಗಾಕತ್ತಿದ್ದು ಏನ ಕಡಿಮಿ ಐತೇನು ತಮ್ಮಾ?" ಎಂದರು. ಆದರೂ ಕಲಿಸಲು ಒಪ್ಪಿಕೊಂಡರು.

ಹೆಂಡತಿ ಮಾತ್ರ ಒಪ್ಪಲಿಲ್ಲ. ಶೆಡ್ಡಿನ ಖಾಲಿ ಮೂಲೆಯಲ್ಲಿ ಮೂರನೆಯ ಮಗ್ಗ ಹಾಕಬೇಕೆಂಬುದು ಅವಳ ಬಹುದಿನದ ಆಸೆ. ನಾನು ಅದೇ ಮೂಲೆಯಲ್ಲಿ ಕಬ್ಬಿಣ ತಂದಿಡುತ್ತೇನೆ ಎಂದೆ. ವಾರಗಟ್ಟಲೆ ಜಗಳವಾಗಿ ಕೊನೆಗೆ ಒಂದು ಕರಾರಿಗೆ ಬಂದೆವು. ಹುನಗುಂದದಲ್ಲಿ ನಡೆಯುವ ಸ್ಪರ್ಧೆಯಲ್ಲಿ ನಾನು ಒಂದೇ ಒಂದು ಸಲವಾದರೂ ತೀರ್ಪುಗಾರರು ಒಪ್ಪುವ ಹಾಗೆ ಎತ್ತಿದರೆ ಮೂಲೆ ನನ್ನದು. ಎತ್ತದಿದ್ದರೆ ಕಬ್ಬಿಣ ಗುಜರಿಗೆ, ಮೂಲೆ ಮಗ್ಗಕ್ಕೆ. ಈ ಕರಾರು ಮಾಡಿಕೊಂಡ ದಿನ ಅವಳು ಬಹಳ ಖುಷಿಯಲ್ಲಿದ್ದಳು.

ಕೋಲು

ಮೊದಲು ಕಬ್ಬಿಣವಿಲ್ಲ, ಬರೀ ಬಿದಿರಿನ ಕೋಲು. ಸ್ನ್ಯಾಚ್ ಎಂದರೆ ಭಾರ ಮೇಲಕ್ಕೆ ಹೋಗುವುದಲ್ಲ, ನೀನು ಅದರ ಕೆಳಕ್ಕೆ ಹೋಗುವುದು ಎಂದು ಮಾಸ್ತರರು ಹೇಳಿದರು. ಕೆಳಕ್ಕೆ ಹೋಗುವುದು ನನಗೆ ಬೇಗ ಬಂತು. ತಿರುಗಿ ಮೇಲಕ್ಕೆ ಬರುವುದೇ ಬರಲಿಲ್ಲ. ಕೋಲನ್ನು ತಲೆಯ ಮೇಲೆ ಹಿಡಿದು ಕೂತರೆ ಊಟದ ಪಂಕ್ತಿಯಲ್ಲಿ ಕೂತವನ ಹಾಗೆ ಕೂತೇ ಇರುತ್ತಿದ್ದೆ.

ಅಭ್ಯಾಸವೆಲ್ಲ ಕರೆಂಟು ಹೋದಾಗ. ನಮ್ಮ ದಿನಚರಿ ನಡೆಯುವುದು ಗಡಿಯಾರದಿಂದಲ್ಲ, ಕರೆಂಟಿನಿಂದ. ಅದು ಹೋದಾಗ ಉಣ್ಣಬೇಕು, ಮೀಯಬೇಕು, ಮಲಗಬೇಕು. "ಕರೆಂಟ್ ಬಂತು" ಎಂಬ ಕೂಗು ಬಿತ್ತೋ, ಉಣ್ಣುವವನು ತುತ್ತು ಬಿಟ್ಟು ಏಳುತ್ತಾನೆ, ಕ್ಷೌರಕ್ಕೆ ಕೂತವನು ಒಂದೇ ಕೆನ್ನೆ ಬೋಳಿಸಿಕೊಂಡು ಓಡುತ್ತಾನೆ. ನಾನು ಅಪ್ಪನ ಕಾಲದಿಂದ ಹೀಗೇ ಬೆಳೆದವನು.

ಎದುರು ಮನೆಯ ಅಜ್ಜಿ ಕಿಟಕಿಯಿಂದ ನಮ್ಮ ಮುಂದಿನ ಅಂಗಳದಲ್ಲಿ ನಡೆಯುವ ಕೋಲಿನ ಅಭ್ಯಾಸವನ್ನು ಕೆಲವು ದಿನ ನೋಡಿದಳು. ಕೂರುತ್ತೇನೆ, ಒದ್ದಾಡುತ್ತೇನೆ, ಮುಖ ಕೆಂಪಾಗುತ್ತದೆ, ಮಾಸ್ತರರು ರಟ್ಟೆ ಹಿಡಿದು ಎಬ್ಬಿಸುತ್ತಾರೆ. ಒಂದು ಸಂಜೆ ಬಟ್ಟಲಿನಲ್ಲಿ ಎಣ್ಣೆ ಬೆಚ್ಚಗೆ ಮಾಡಿಕೊಂಡು ಬಂದು, ಹೆಂಡತಿಯನ್ನು ಪಕ್ಕಕ್ಕೆ ಕರೆದು, ಇಷ್ಟು ಸಣ್ಣ ವಯಸ್ಸಿಗೆ ಗಂಡನ ಸೊಂಟ ಹೀಗಾಗಿದ್ದಕ್ಕೆ ಕಣ್ಣೀರು ಹಾಕಿದಳು. ಆಮೇಲೆ ತನಗೆ ಬಂದಿದ್ದ ಅನುಮಾನವನ್ನೂ ಹೇಳಿದಳು.

"ನಮ್ಮವರೂ ಕಡೀಕ ಕಡೀಕ ಕೋಲ ಹಿಡದನ ಏಳತಿದ್ರವಾ. ಆದ್ರ ಅವರು ಕೋಲನ್ನ ನೆಲಕ್ಕ ಊರತಿದ್ರು."

ಕೆರೂರ ಸಂತೆ

ಕೆರೂರಿನಲ್ಲಿ ಒಂದು ಜಿಮ್ ಮುಚ್ಚಿ ಅದರ ಸಾಮಾನು ಮಾರಾಟಕ್ಕಿದೆ ಎಂದು ಸುದ್ದಿ ಬಂತು. ನಾನೂ ಮಾಸ್ತರರೂ ಹೋಗಿ ಕಬ್ಬಿಣದ ಉದ್ದ ರಾಡು, ಅದಕ್ಕೆ ಸಿಕ್ಕಿಸುವ ಒಂದಿಷ್ಟು ಭಾರದ ತಟ್ಟೆ ಕೊಂಡು ಬಸ್ ಸ್ಟ್ಯಾಂಡಿಗೆ ಬಂದೆವು. ಅಂದು ಸಂತೆಯ ದಿನವೆಂಬುದು ಇಬ್ಬರ ತಲೆಗೂ ಹೊಳೆದಿರಲಿಲ್ಲ.

ಬಾಗಲಕೋಟೆಯ ಬಸ್ಸಿನ ಕಂಡಕ್ಟರು ರಾಡನ್ನು ತುದಿಯಿಂದ ತುದಿಯವರೆಗೆ ನೋಡಿ ಇದು ಯಾತಕ್ಕೆ ಎಂದು ಕೇಳಿದ. ಎತ್ತಲಿಕ್ಕೆ ಎಂದೆ. ಎಲ್ಲಿಗೆ ಎಂದ. ಎಲ್ಲಿಗೂ ಇಲ್ಲ, ಎತ್ತುವುದು, ಇಳಿಸುವುದು ಅಷ್ಟೇ ಎಂದೆ. ಅವನು ಬಸ್ಸಿನ ಸುತ್ತ ಇದ್ದ ಉಳ್ಳಾಗಡ್ಡಿ, ಮೆಣಸಿನಕಾಯಿ ಚೀಲಗಳನ್ನು ತೋರಿಸಿ, ಹಂಗಾದರೆ ನಿಮ್ಮ ರಾಡು ಮೇಲೆ ಹೋಗುವ ಮೊದಲು ಇವಿಷ್ಟನ್ನೂ ಏರಿಸಿಬಿಡ್ರಿ, ಇಳಿಸುವುದನ್ನು ಬಾಗಲಕೋಟೆಯಲ್ಲಿ ನೋಡೋಣ ಎಂದ.

ಜನ ಸೇರಿದ್ದರು. ಆಗುವುದಿಲ್ಲ ಎನ್ನಲು ನಾಚಿಕೆಯಾಯಿತು. ಒಂದೊಂದೇ ಚೀಲ ಎತ್ತಿ ಬಸ್ಸಿನ ಮೇಲೆ ನಿಂತವನಿಗೆ ಕೊಡತೊಡಗಿದೆ. ಮಾಸ್ತರರು ಒಂದು ಚೀಲಕ್ಕೂ ಕೈ ಹಚ್ಚಲಿಲ್ಲ. ಚಹಾ ಕುಡಿಯುತ್ತಾ ಪಕ್ಕದಲ್ಲಿ ನಿಂತು, ಬೆನ್ನು ನೆಟ್ಟಗಿರಲಿ, ಕೈಯಿಂದ ಎಳೆಯಬೇಡ, ಕಾಲಿನಿಂದ ನೂಕು, ಚೀಲ ಮೈಗೆ ಹತ್ತಿರ ಬರಲಿ ಎಂದು ಪಾಠ ಹೇಳಿದರು. ಖರೆ ಹೇಳಬೇಕೆಂದರೆ, ಭಾರವನ್ನು ಮೈಗೆ ಹತ್ತಿರ ಹಿಡಿಯಬೇಕೆಂಬುದು ನನಗೆ ಅರ್ಥವಾದದ್ದು ಅವತ್ತೇ. ಮೆಣಸಿನಕಾಯಿಯ ಘಾಟು ಕೂಡ ಅವತ್ತೇ ಅರ್ಥವಾಯಿತು. ಮೂರು ದಿನ ಎದೆ ಉರಿಯಿತು.

ಚೀಲಗಳೆಲ್ಲ ಏರಿದವು, ಜನ ಚಪ್ಪಾಳೆ ತಟ್ಟಿದರು. ಕೊನೆಗೆ ನಮ್ಮ ರಾಡಿನ ಸರದಿ ಬಂತು. ಬಗ್ಗಿದೆ, ಹಿಡಿದೆ, ಎಳೆದೆ. ಅದು ಮೊಣಕಾಲು ದಾಟಲಿಲ್ಲ. ಉಳ್ಳಾಗಡ್ಡಿ ಚೀಲದ ಒಡತಿಯರಿಬ್ಬರು ಸೆರಗು ಸಿಕ್ಕಿಸಿಕೊಂಡು ಬಂದು, "ಸರೀರಿ ಅಣ್ಣಾರ," ಎಂದು ನನ್ನನ್ನು ಬದಿಗೆ ನಿಲ್ಲಿಸಿ ರಾಡು ಏರಿಸಿಕೊಟ್ಟರು.

ದಡಿ

ಸ್ಪರ್ಧೆಗೆ ಮೈಗೆ ಅಂಟುವಂಥ ಉಡುಪು ಬೇಕು. ಬನಿಯನ್ನೂ ಚಡ್ಡಿಯೂ ಕೂಡಿಸಿ ಹೊಲಿದಂತೆ ಇರುತ್ತದೆ. ಕೊಳ್ಳಲು ಅದು ನಮ್ಮ ಕಡೆ ಎಲ್ಲಿಯೂ ಸಿಗಲಿಲ್ಲ. ಹೆಂಡತಿಯ ಜಂಪರು ಹೊಲಿಯುವ ದರ್ಜಿಗೆ ಮೊಬೈಲಿನಲ್ಲಿ ಚಿತ್ರ ತೋರಿಸಿದೆ. ಅವನು ನನ್ನ ಎದೆ, ಹೊಟ್ಟೆ, ತೊಡೆ ಎಲ್ಲ ಅಳೆದುಕೊಂಡು, ಹುಕ್ಕು ಮುಂದೆ ಬೇಕೋ ಹಿಂದೆ ಬೇಕೋ ಎಂದು ಕೇಳಿದ.

ವಾರದ ಮೇಲೆ ಉಡುಪು ಬಂತು. ಕಪ್ಪು ಬಟ್ಟೆ, ಹೊಲಿಗೆ ಗಟ್ಟಿ. ಆದರೆ ಎರಡೂ ತೊಡೆಯ ಸುತ್ತ, ಕೊರಳ ಸುತ್ತ, ಕೆಂಪಗೆ ಇಳಕಲ್ ಸೀರೆಯ ಅಂಚಿನ ದಡಿ ಹೊಳೆಯುತ್ತಿತ್ತು. ಇದೇನಪ್ಪಾ, ನಾನು ಭಾರ ಎತ್ತಲು ಹೋಗುವವನೋ ಸೀಮಂತಕ್ಕೆ ಹೋಗುವವನೋ ಎಂದು ರೇಗಿದೆ. ಅವನು ಬೇಸರಪಟ್ಟುಕೊಂಡ. "ದಡಿ ಇಲ್ದ ಅರಬಿ ಹಾಕ್ಕೊಂಡು ಹುನಗುಂದದಾಗ ನಿಂತ್ರ ಇಳಕಲ್ಲ ಮಾನ ಏನ ಉಳೀತೈತ್ರಿ?" ಎಂದು ನನ್ನನ್ನೇ ಕೇಳಿದ.

ಅದನ್ನೇ ಮನೆಗೆ ತಂದು ಹಾಕಿಕೊಂಡು ನಿಂತೆ. ಹೆಂಡತಿ ಸೀರೆ ಪರೀಕ್ಷೆ ಮಾಡುವಂತೆಯೇ ನನ್ನನ್ನು ಬೆಳಕಿಗೆ ನಿಲ್ಲಿಸಿ, ಒಂದು ಸುತ್ತು ತಿರುಗಿಸಿ, ದಡಿಯನ್ನು ಬೆರಳಲ್ಲಿ ಸವರಿ ನೋಡಿದಳು. ತೊಡೆಯ ಮೇಲಿರುವುದು ಅವಳೇ ನೇಯ್ದ ದಡಿ, ತುಂಡು ಕೊಟ್ಟವಳೂ ಅವಳೇ ಎಂದು ಆಮೇಲೆ ಗೊತ್ತಾಯಿತು.

"ದಡಿ ಭಾಳ ಚಲೋ ಕುಂತೈತಿ," ಎಂದಳು. "ನಡುವಿನ ಮಾಲನ್ನ ಯಾವ ಗಿರಾಕೀನೂ ಒಯ್ಯಂಗಿಲ್ಲ."

ಮರೋಳದ ಗೆಳೆಯ

ಸ್ಪರ್ಧೆಗೆ ನನ್ನ ಜೊತೆ, ನಮ್ಮ ಶೆಡ್ಡಿನಲ್ಲೇ ಮಾಸ್ತರರ ಹತ್ತಿರ ಕಲಿಯುತ್ತಿದ್ದ ಮರೋಳದ ಗೆಳೆಯನೊಬ್ಬನೂ ಬಂದಿದ್ದ. ಕುರಿ ಸಾಕುವ ಮನೆತನ, ಬೀರಪ್ಪನ ಭಕ್ತ. ಅವನ ಊರಿನಲ್ಲಿ ಗುಂಡುಕಲ್ಲು ಎತ್ತುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಕೈಗೆ ದೇವರ ಅರಿಶಿನದ ಭಂಡಾರ ಸವರಿ, ದೇವರನ್ನು ನೆನೆದು, ಕಲ್ಲನ್ನು ಹೆಗಲಿಗೇರಿಸಿ ಹಿಂದಕ್ಕೆ ಒಗೆಯಬೇಕು. ಅದು ಅಲ್ಲಿಯ ಪದ್ಧತಿ. ಎತ್ತುವುದನ್ನು ಮಾಸ್ತರರು ಅವನಿಗೆ ಚೆನ್ನಾಗಿ ಕಲಿಸಿದ್ದರು. ಇಳಿಸುವುದನ್ನು ಕಲಿಸುವ ಪ್ರಸಂಗವೇ ಬಂದಿರಲಿಲ್ಲ, ಏಕೆಂದರೆ ನಮ್ಮ ಶೆಡ್ಡಿನಲ್ಲಿ ಹೆಂಡತಿಯ ಭಯಕ್ಕೆ ಎಲ್ಲರೂ ಕಬ್ಬಿಣವನ್ನು ಕೂಸು ಮಲಗಿಸಿದಂತೆ ಇಳಿಸುತ್ತಿದ್ದೆವು.

ಒಬ್ಬೊಬ್ಬರಿಗೆ ಮೂರು ಅವಕಾಶ. ಮೂವರು ತೀರ್ಪುಗಾರರ ಕೈಯಲ್ಲಿ, ಒಪ್ಪಿದರೆ ಎತ್ತಲು ಬಿಳಿ ಬಾವುಟ, ಒಪ್ಪದಿದ್ದರೆ ಕೆಂಪು ಬಾವುಟ. ಗೆಳೆಯ ಅಂಗೈಗೆ ಭಂಡಾರ ಸವರಿಕೊಂಡು ಹೋಗಿ, ಯಾರೂ ಮುಟ್ಟದಷ್ಟು ಭಾರವನ್ನು ಹುಲ್ಲಿನ ಹೊರೆಯಂತೆ ತಲೆಯ ಮೇಲೆ ಹಿಡಿದ. ಹಿಡಿದವನು ಅಭ್ಯಾಸಬಲದಿಂದ ಹಿಂದಕ್ಕೆ ಒಗೆದ. ಹಿಂದಿನ ಪರದೆ ಕಳಚಿ ಬಿತ್ತು. ಕೆಂಪು ಬಾವುಟ.

ಹಿಂದಕ್ಕೆ ಒಗೆಯಬಾರದು ಎಂದು ಮಾಸ್ತರರು ತಿಳಿಸಿ ಹೇಳಿದರು. ಎರಡನೆಯ ಸಲ ಮುಂದಕ್ಕೆ ಒಗೆದ. ಎದುರಿಗೆ ಕೂತಿದ್ದ ಮುಖ್ಯ ತೀರ್ಪುಗಾರರು ಎರಡೂ ಕಾಲನ್ನು ಕುರ್ಚಿಯ ಮೇಲೆ ಎಳೆದುಕೊಂಡರು. ಮತ್ತೆ ಕೆಂಪು. ಮಾಸ್ತರರು ಈ ಸಲ ಕೈ ಮುಗಿದು, ಎಲ್ಲಿಗೂ ಒಗೆಯಬೇಡಪ್ಪಾ, ಅವರು ಹೇಳುವ ತನಕ ಹಿಡಿದುಕೊಂಡೇ ಇರು ಎಂದರು.

ಮೂರನೆಯ ಸಲ ಎತ್ತಿದ. ಹಿಡಿದ. ಸನ್ನೆಗೆ ಕಾಯುವ ತಾಳ್ಮೆ ಅವನಿಗಿರಲಿಲ್ಲ. ಅಷ್ಟೂ ಭಾರವನ್ನು ತಲೆಯ ಮೇಲೆ ಹಿಡಿದುಕೊಂಡೇ ನೆಟ್ಟಗೆ ಮುಖ್ಯ ತೀರ್ಪುಗಾರರ ಕುರ್ಚಿಯ ತನಕ ನಡೆದು, ಅವರ ಮೇಲೆ ಸ್ವಲ್ಪ ಬಾಗಿ, ಬಹಳ ವಿನಯದಿಂದ, "ಎಲ್ಲಿ ಇಡಲಿ ಹೇಳ್ರಿ ಸರ?" ಎಂದು ಕೇಳಿದ.

ಅವರು ಕಣ್ಣು ಮುಚ್ಚಿಕೊಂಡು ಬಿಳಿ ಬಾವುಟ ಎತ್ತಿದರು. ಅದು ತೀರ್ಪಲ್ಲ, ಪ್ರಾಣಭಯ ಎಂದು ಆಮೇಲೆ ರದ್ದಾಯಿತು.

ಮೂರನೆಯ ಸಲ

ಇನ್ನು ನನ್ನದು. ಆ ದಿನ ಬೆಳಗಿನಿಂದ ಇಳಕಲ್ಲಿನಲ್ಲಿ ಕರೆಂಟು ಇರಲಿಲ್ಲ. ಲೈನಿನ ದುರಸ್ತಿ, ಯಾವಾಗ ಬರುತ್ತದೋ ಹೇಳಲಾಗದು ಎಂದಿದ್ದರು. ಮಗ್ಗ ನಿಂತ ಮೇಲೆ ಮನೆಯಲ್ಲಿ ಕೂತು ಏನು ಮಾಡುವುದೆಂದು ನಮ್ಮ ಓಣಿಗೆ ಓಣಿಯೇ ಟೆಂಪೋ ಮಾಡಿಕೊಂಡು ಹುನಗುಂದಕ್ಕೆ ಬಂದುಬಿಟ್ಟಿತ್ತು. ಹೆಂಡತಿಯೂ ಬಂದಿದ್ದಳು. ಅರ್ಧಕ್ಕೆ ನಿಂತ ಸೀರೆಯ ಚಿಂತೆ ಅವಳ ಮುಖದ ಮೇಲೇ ಇತ್ತು. ಮೊಬೈಲನ್ನು ಕೈಯಿಂದ ಕೆಳಗಿಟ್ಟಿರಲಿಲ್ಲ.

ದಡಿ ಹಚ್ಚಿದ ಉಡುಪಿನಲ್ಲಿ ನಾನು ಬಂದಾಗ ಇಳಕಲ್ಲಿನವರು ಅಭಿಮಾನದಿಂದ ಶಿಳ್ಳೆ ಹಾಕಿದರು. ಮೊದಲನೆಯ ಸಲ ಕಬ್ಬಿಣ ಎದೆಯವರೆಗೆ ಬಂದು ಬಿತ್ತು. ಕೈಯಿಂದ ಎಳೆದಿದ್ದೆ, ಕೆಂಪು. ಎರಡನೆಯ ಸಲ ಮೇಲಕ್ಕೆ ಹೋಯಿತು, ಕೆಳಗೆ ಕೂತೆ, ಏಳಲಾಗದೆ ಕೈಬಿಟ್ಟೆ. ಮತ್ತೆ ಕೆಂಪು. ಬೆವರು ಒರೆಸಿಕೊಳ್ಳುತ್ತಾ ನೋಡಿದರೆ, ಹೆಂಡತಿ ಪಕ್ಕದಲ್ಲಿ ಕೂತವಳಿಗೆ ಗಾಳಿಯಲ್ಲೇ ಕೈಯಾಡಿಸಿ ಮೂರನೆಯ ಮಗ್ಗದ ಉದ್ದಗಲ ತೋರಿಸುತ್ತಿದ್ದಳು. ನನಗೆ ನಿಜವಾಗಿಯೂ ಅಳು ಬಂತು. ಆ ಮೂಲೆಯಲ್ಲಿ ಕಳೆದ ಹೊತ್ತಿನಷ್ಟು ಸುಖ ನನಗೆ ಈ ಜನ್ಮದಲ್ಲಿ ಬೇರೆಲ್ಲೂ ಸಿಕ್ಕಿರಲಿಲ್ಲ.

ಮೂರನೆಯ ಸಲ ಬಗ್ಗಿದೆ. ಬೆನ್ನು ನೆಟ್ಟಗೆ, ಭಾರ ಮೈಗೆ ಹತ್ತಿರ, ಕೆರೂರಿನ ಮೆಣಸಿನಕಾಯಿ ಚೀಲವನ್ನು ನೆನೆದು ಕಾಲಿನಿಂದ ನೂಕಿದೆ. ಕಬ್ಬಿಣ ಹಗುರಾಗಿ ಮೇಲೆ ಹೋಯಿತು, ನಾನು ಅದರ ಕೆಳಗೆ ಹೋಗಿ ಕೂತೆ. ಅಷ್ಟೇ. ಏಳಲು ಬರಲೊಲ್ಲದು. ತೊಡೆ ಗಡಗಡ ನಡುಗುತ್ತಿದೆ, ದಡಿಯೂ ಜೊತೆಗೆ ನಡುಗುತ್ತಿದೆ, ಸಭಾಂಗಣ ಉಸಿರು ಹಿಡಿದು ನೋಡುತ್ತಿದೆ. ಮುಗಿಯಿತು, ಬಿಟ್ಟುಬಿಡೋಣ ಎಂದುಕೊಂಡೆ.

ಆಗ ಜನರ ನಡುವಿನಿಂದ ಹೆಂಡತಿಯ ದನಿ ಕೇಳಿತು.

"ರೀ, ಕರೆಂಟ್ ಬಂತು."

ನಾನು ಎದ್ದೆ. ಹೇಗೆ ಎದ್ದೆ ಎಂದು ಕೇಳಬೇಡಿ, ಕಾಲುಗಳು ನನ್ನನ್ನು ಕೇಳಲೇ ಇಲ್ಲ. ಭಾರ ತಲೆಯ ಮೇಲೆ, ನಾನು ಅದರ ಕೆಳಗೆ ಕಂಬದಂತೆ ನೆಟ್ಟಗೆ. ಎದ್ದವನು ನಾನೊಬ್ಬನೇ ಅಲ್ಲ. ಇಳಕಲ್ಲಿನಿಂದ ಬಂದವರೆಲ್ಲ ಒಟ್ಟಿಗೇ ಎದ್ದು ನಿಂತಿದ್ದರು. ಇಷ್ಟು ಗೌರವ ಯಾವ ಸ್ಪರ್ಧಿಗೂ ಸಿಕ್ಕಿರಲಿಲ್ಲವೆಂದು ಮುಖ್ಯ ತೀರ್ಪುಗಾರರು ತಾವೂ ಎದ್ದು ಇಳಿಸಲು ಸನ್ನೆ ಕೊಟ್ಟರು. ಎರಡು ಬಿಳಿ ಬಾವುಟ ಮೇಲೆದ್ದವು. ಮೂರನೆಯ ತೀರ್ಪುಗಾರರೂ ಇಳಕಲ್ ಕಡೆಯವರೇ ಇರಬೇಕು. ಅವರು ಬಾವುಟ ಬಿಟ್ಟು ಕುರ್ಚಿಯ ಕೆಳಗೆ ಚಪ್ಪಲಿ ಹುಡುಕುತ್ತಿದ್ದರು.

ಎರಡು ಬಿಳಿ ಸಾಕಾಗಿತ್ತು. ನಾನು ಕಣ್ಣು ತುಂಬಿಕೊಂಡು ಹೆಂಡತಿಯ ಹತ್ತಿರ ಓಡಿದೆ. ನನ್ನನ್ನು ಎಬ್ಬಿಸಲು ಎಂಥ ಉಪಾಯ ಮಾಡಿದಿ, ಮೂಲೆ ಹೋದರೂ ಹೋಗಲಿ ಎಂದು ಗಂಡನನ್ನು ಗೆಲ್ಲಿಸಿದಿ, ಇದನ್ನು ಸಾಯುವ ತನಕ ಮರೆಯುವುದಿಲ್ಲ ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿ ಮೊಬೈಲು ಮುಂದೆ ಹಿಡಿದಳು.

"ಉಪಾಯ ಎಲ್ಲೀದ್ರಿ? ಎದುರು ಮನಿ ಅಜ್ಜಿ ಫೋನ್ ಮಾಡಿದ್ಲು. ಖರೇನ ಬಂದೈತಿ, ನಡೀರಿ."

ಬಹುಮಾನಕ್ಕೂ ನಿಲ್ಲದೆ, ಆ ಉಡುಪಿನಲ್ಲೇ ಟೆಂಪೋ ಹತ್ತಿ ಇಳಕಲ್ಲಿಗೆ ಬಂದೆವು. ಓಡೋಡಿ ಶೆಡ್ಡಿನ ಬಾಗಿಲು ತೆಗೆದು ಬಟನ್ ಒತ್ತಿದರೆ, ಕರೆಂಟು ಮತ್ತೆ ಹೋಗಿತ್ತು. ಹೆಂಡತಿ ಕತ್ತಲೆಯಲ್ಲಿ ತಾನೂ ಒಮ್ಮೆ ಬಟನ್ ಒತ್ತಿ ನೋಡಿದಳು. ಆಮೇಲೆ ಅವಳಿಗೆ ನಗು ಬಂತು, ನನಗೂ ಬಂತು. ಸೆರಗಿನಿಂದ ಕಣ್ಣು ಒರೆಸಿಕೊಂಡು ಕಬ್ಬಿಣವಿದ್ದ ಕಡೆಗೆ ಕೈ ತೋರಿಸಿದಳು.

"ಹೋಗ್ರಿ, ನಿಮ್ಮ ಮೂಲ್ಯಾಗ ಎತ್ತಕೋತ ಇರ್ರಿ. ಕುಂತಲ್ಲಿಂದ ಏಳಾಕ ಆಗಲಿಲ್ಲಂದ್ರ ಹೇಳ್ರಿ, ಕರೆಂಟ್ ಬಂತಂತ ಒದರತೇನಿ."