ನನ್ನ ವ್ಯಾನಿಗೆ ನಾನೇ ಹಾಕಿದ ನೆಲ

ಹಳೆಯ ಗಾಡಿ ಕೊಳ್ಳಲು ಹೋದವರು ಏನೇನು ನೋಡುತ್ತಾರೆಂದು ನಾನು ಗಮನಿಸಿದ್ದೇನೆ. ಒಬ್ಬ ಬಾನೆಟ್ ಎತ್ತಿ ಒಳಗೆ ಮೂಗು ತೂರಿಸುತ್ತಾನೆ. ಇನ್ನೊಬ್ಬ ಟೈರಿಗೆ ಒದೆಯುತ್ತಾನೆ. ಒದ್ದರೆ ಟೈರು ಏನು ಹೇಳುತ್ತದೆಂದು ಅವನಿಗೂ ಗೊತ್ತಿರುವುದಿಲ್ಲ. ಮತ್ತೊಬ್ಬ ಹಾರ್ನ್ ಒತ್ತಿ, ಬಹಳ ತಿಳಿದವನಂತೆ ತಲೆಯಾಡಿಸುತ್ತಾನೆ. ಆದರೆ ಕಾಲಡಿಯ ಮ್ಯಾಟು ಎತ್ತಿ ನೋಡಿದವನನ್ನು ನಾನು ಇದುವರೆಗೆ ಕಂಡಿಲ್ಲ. ನನ್ನ ವ್ಯಾನು ಕೊಂಡಾಗ ನಾನೂ ಎತ್ತಿರಲಿಲ್ಲ. ಹಾರ್ನ್ ಮಾತ್ರ ಒತ್ತಿದ್ದೆ. ಚೆನ್ನಾಗಿ ಕೂಗಿತ್ತು.

ಬೇರೆಯವರು ಹೀಗೆ ಮೋಸ ಹೋದರೆ ನಡೆದೀತು. ನನ್ನ ಅರ್ಧ ಆಯುಷ್ಯ ಕಳೆದಿರುವುದೇ ನೆಲ ಹಾಕುವುದರಲ್ಲಿ. ಏಳನೆಯ ಇಯತ್ತೆ ಮುಗಿಸದೆ ಯಾದಗಿರಿ ಕಡೆಯಿಂದ ಅಪ್ಪನ ಬೆನ್ನು ಹತ್ತಿ ಪುಣೆಗೆ ಬಂದು, ಸ್ಲ್ಯಾಬಿಗೆ ಕಬ್ಬಿಣದ ಸರಳು ಕಟ್ಟುವ ಕೆಲಸಕ್ಕೆ ನಿಂತವನು ನಾನು. ಯೆರವಡಾದ ಗಾಜಿನ ಕಟ್ಟಡಗಳಲ್ಲಿ ಕುರ್ಚಿಯ ಮೇಲೆ ಕೂತು ಗರಗರ ತಿರುಗುವ ಹುಡುಗರು ತಿರುಗುತ್ತಿರುವುದು ನಾನು ಕಟ್ಟಿದ ಸರಳಿನ ಮೇಲೆ. ಒಬ್ಬನೂ ಕೆಳಗೆ ಬಿದ್ದ ಸುದ್ದಿ ಬಂದಿಲ್ಲ. ಆ ಕೆಲಸ ಬಿಟ್ಟ ಮೇಲೆ ನನ್ನ ಹೆಂಡತಿ ಮಲ್ಲಮ್ಮ ಬಡಿಯುವ ಖಡಕ್ ರೊಟ್ಟಿಗಳನ್ನು ಮೆಸ್ಸುಗಳಿಗೆ ಮುಟ್ಟಿಸಲು ಈ ವ್ಯಾನು ತಂದೆ. ಅವಳು ಮುಂದಿನ ಸೀಟಿನಲ್ಲಿ ಶೇಂಗಾ ಚಟ್ನಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ನಾನು ಸ್ಟೀರಿಂಗ್ ಹಿಡಿಯುತ್ತಿದ್ದೆ. ಸಂಸಾರವೂ ವ್ಯಾಪಾರವೂ ಒಟ್ಟಿಗೇ ಸಾಗುತ್ತಿದ್ದವು.

ಒಂದು ದಿನ ಸ್ವಾರಗೇಟಿನ ಸಿಗ್ನಲ್ಲಿನಲ್ಲಿ ಅವಳ ಎಡಗಾಲಿನ ಚಪ್ಪಲಿ ಕಾಣೆಯಾಯಿತು. ಬಾಗಿಲು ಹಾಕಿತ್ತು, ಗಾಜು ಏರಿಸಿತ್ತು. ಅವಳು ಬಗ್ಗಿ, ಹರಿದ ಮ್ಯಾಟು ಸರಿಸಿ ನೋಡಿ, "ರೀ, ಇಲ್ಲಿ ಕೆಳಗ ರೋಡ್ ಕಾಣಲಕತ್ತದ" ಎಂದಳು. ಸಿಗ್ನಲ್ ಹಸಿರಾಯಿತು. ಹಿಂದಿನವರು ಹಾರ್ನ್ ಹೊಡೆದರು. ಚಪ್ಪಲಿಯನ್ನು ಅಲ್ಲೇ ಬಿಟ್ಟು ಬಂದೆವು. ಮನೆಗೆ ಬಂದವಳೇ ತೀರ್ಪು ಕೊಟ್ಟಳು: "ಇವತ್ತ ಚಪ್ಪಲಿ ಹೋತು, ನಾಳಿ ನಾ ಹೋಗ್ತೀನಿ. ನೆಲ ಆಗೋತನಕ ನಾ ಇದರಾಗ ಕುಂದ್ರಲ್ಲ."

ಬೇರೆ ಸಮಯದಲ್ಲಾಗಿದ್ದರೆ ನಿಧಾನಕ್ಕೆ ನೋಡೋಣ ಎನ್ನುತ್ತಿದ್ದೆ. ಆದರೆ ಮುಂದಿನ ಭಾನುವಾರ ಭೋಸರಿಯಲ್ಲಿ ಬಂಧುಗಳ ಮನೆಯ ತೊಟ್ಟಿಲ ಕಾರ್ಯವಿತ್ತು. ನನ್ನ ಷಡ್ಡಕ ಶರಣಪ್ಪ, ಅಂದರೆ ಮಲ್ಲಮ್ಮನ ತಂಗಿಯ ಗಂಡ, ಆಗಷ್ಟೇ ಬಿಳಿಯ ಹೊಸ ಕಾರು ತೆಗೆದುಕೊಂಡಿದ್ದ. ಸೀಟಿನ ಪ್ಲಾಸ್ಟಿಕ್ ಕವರನ್ನೂ ಇನ್ನೂ ಬಿಚ್ಚಿರಲಿಲ್ಲ. ಚಪ್ಪಲಿಯ ಸುದ್ದಿ ಅಕ್ಕನಿಂದ ತಂಗಿಗೆ, ತಂಗಿಯಿಂದ ಅವನಿಗೆ ತಲುಪಿ, ಅವನು ಫೋನು ಮಾಡಿದ: "ಅಣ್ಣಾರ, ಅಕ್ಕನ್ನ ನಮ್ಮ ಕಾರಿನಾಗ ಕರ್ಕೊಂಡ್ ಹೋಗ್ತೀವಿ. ನೀವು ರೊಟ್ಟಿ ತಗೊಂಡು ಸಾವಕಾಶ ಹಿಂದ ಬರ್ರಿ." ಸಾವಕಾಶ ಎನ್ನುವ ಮಾತು ನನಗೆ ನಾಟಿತು. ನನ್ನ ಹೆಂಡತಿ ಅವನ ಗಾಡಿಯಲ್ಲಿ, ನಾನು ರೊಟ್ಟಿಯ ಜೊತೆ! ಭಾನುವಾರದೊಳಗೆ ನೆಲ ಆಗಲೇಬೇಕಿತ್ತು.

ನಮ್ಮ ಓಣಿಯ ತುದಿಯಲ್ಲಿ ವೆಲ್ಡಿಂಗ್ ಮಾಡುವ ದತ್ತೂಭಾವು ಇದ್ದಾನೆ. ಅವನು ವ್ಯಾನಿನೊಳಗೆ ತಲೆ ಹಾಕಿ, ಹೆಬ್ಬೆರಳಿನಿಂದ ಒತ್ತಿದ. ಹೆಬ್ಬೆರಳು ಆಚೆ ಹೋಯಿತು. "ಕಾಕಾ, ಹಾ ಪತ್ರಾ ನಾಹೀ, ಪಾಪಡ್ ಆಹೇ" ಎಂದ. ಇದು ತಗಡಲ್ಲ, ಹಪ್ಪಳ. ಬೆಂಕಿ ತಾಗಿಸಿದರೆ ತೂತು ಇನ್ನೂ ದೊಡ್ಡದಾಗುತ್ತದೆ. ಮೇಲಾಗಿ ವೈರು, ಸೀಟು, ಪೆಟ್ರೋಲಿನ ಟಾಕಿ ಎಲ್ಲ ಬಿಚ್ಚಬೇಕು, ಎರಡು ವಾರ ಗಾಡಿ ನಿಲ್ಲಿಸು ಎಂದ. ನಿಲ್ಲಿಸಿದರೆ ರೊಟ್ಟಿ ಹೊರುವವರು ಯಾರು? ಅಲ್ಲದೆ ನನ್ನ ವಸ್ತುವನ್ನು ಇನ್ನೊಬ್ಬರು ಹಪ್ಪಳ ಎಂದ ಮೇಲೆ ಅವರ ಕೈಗೆ ಕೊಡುವುದು ನನ್ನ ಸ್ವಭಾವವಲ್ಲ.

ದಾರಿ ತೋರಿಸಿದವನು ತುಮಕೂರು ಕಡೆಯ ಚೇತನ್ ಎಂಬ ಕಂಪ್ಯೂಟರ್ ಹುಡುಗ, ನಮ್ಮ ಕಾಯಂ ಗಿರಾಕಿ. "ಅಂಕಲ್, ವೆಲ್ಡಿಂಗ್ ಬೇಡವೇ ಬೇಡ. ರಿವೆಟ್ ಹೊಡೆದು ಮಾಡೋ ಒಂದು ವಿಡಿಯೋ ಇದೆ, ಸಖತ್ತಾಗಿದೆ, ಕಳಿಸ್ತೀನಿ" ಎಂದು ಕಳಿಸಿದ. ಅದರಲ್ಲಿ ಯಾವನೋ ಬಿಳಿಯ ಮನುಷ್ಯ, ಅವನ ಗಾಡಿ ನಿಲ್ಲಿಸುವ ಕೋಣೆ ನಮ್ಮ ಮನೆಗಿಂತ ದೊಡ್ಡದು. ಗೋಡೆಯ ತುಂಬ ಹತಾರಗಳು ದೇವರ ಪಟಗಳ ಹಾಗೆ ಸಾಲಾಗಿ ತೂಗುತ್ತಿದ್ದವು. ಇಂಗ್ಲಿಷು ನನಗೆ ಬಾರದ್ದರಿಂದ ದನಿ ಬಂದ್ ಮಾಡಿ ನೋಡಿದೆ. ಕೈ ಏನು ಮಾಡುತ್ತದೆ ಎಂದು ಕಂಡರೆ ಸಾಕು, ಬಾಯಿ ಏಕೆ? ನಡುವೆ ಒಂದು ಕಡೆ ಅವನು ನೆಲದಲ್ಲಿದ್ದ ಸಣ್ಣ ರಬ್ಬರಿನ ಬಿರಡೆಯನ್ನು ಬೆರಳಿನಿಂದ ತೋರಿಸುತ್ತ ಬಹಳ ಹೊತ್ತು ಮಾತಾಡಿದ. ದೊಡ್ಡಸ್ತಿಕೆ ಹೇಳಿಕೊಳ್ಳುತ್ತಿದ್ದಾನೆಂದುಕೊಂಡು ಮುಂದಕ್ಕೆ ಓಡಿಸಿದೆ.

ಕೆಲಸ ಮಾತ್ರ ಶಾಸ್ತ್ರೋಕ್ತವಾಗಿ ಮಾಡಿದೆ, ಅದರಲ್ಲಿ ಎರಡು ಮಾತಿಲ್ಲ. ಮ್ಯಾಟು ಎತ್ತಿ, ತಂತಿಯ ಬ್ರಷ್ಷಿನಿಂದ ತುಕ್ಕು ಉಜ್ಜಿದೆ. ಉಜ್ಜಿದಂತೆಲ್ಲ ತೂತು ಬೆಳೆಯಿತು; ಚಪ್ಪಲಿಯಷ್ಟಿದ್ದದ್ದು ಊಟದ ತಾಟಿನಷ್ಟಾಯಿತು. ಬಾಗಿಲಲ್ಲಿ ನಿಂತ ಮಲ್ಲಮ್ಮ, "ಮುಚ್ಚಲಕತ್ತೀರೋ ತೋಡಲಕತ್ತೀರೋ?" ಎಂದಳು. ಗಟ್ಟಿ ಕಬ್ಬಿಣ ಸಿಗುವವರೆಗೆ ಉಜ್ಜಬೇಕು ಎಂದೆ. "ಸಿಗ್ತದಂತೀರಿ?" ಎಂದಳು. ಕೊನೆಗೂ ಸಿಕ್ಕಿತು. ಕೆಂಪು ಪ್ರೈಮರ್ ಬಳಿದೆ. ರಟ್ಟಿನಲ್ಲಿ ಅಳತೆ ಕತ್ತರಿಸಿ, ಅದರಂತೆ ತೂತಿಗಿಂತ ಎರಡು ಬೆರಳು ಅಗಲವಾಗಿ ತಗಡು ಕತ್ತರಿಸಿ, ಬಡಿದು ಬಾಗಿಸಿ, ಅಂಚಿಗೆ ಕಪ್ಪು ಅಂಟು ಮೆತ್ತಿ, ಸುತ್ತಲೂ ರಿವೆಟ್ ಮೊಳೆ ಹೊಡೆದೆ. ನಡುವೆ ವಿಡಿಯೋದಲ್ಲಿದ್ದಂಥದ್ದೇ ಒಂದು ರಬ್ಬರಿನ ಬಿರಡೆ ನನ್ನ ವ್ಯಾನಿನಲ್ಲೂ ಸಿಕ್ಕಿತು. ಕಿತ್ತೆಸೆದು ಅದರ ತೂತಿನ ಮೇಲೂ ತಗಡು ಎಳೆದೆ. ಒಂದೇ ಒಂದು ತೂತನ್ನೂ ಉಳಿಸಲಿಲ್ಲ.

ಆಮೇಲೆ ಓಣಿಯವರನ್ನೆಲ್ಲ ಕರೆದು, ಒಂದು ಕೊಡ ನೀರು ತಂದು ವ್ಯಾನಿನೊಳಗೆ ಸುರಿದೆ. ಕೆಳಗೆ ಒಂದು ಹನಿ ತೊಟ್ಟಿಕ್ಕಲಿಲ್ಲ. ದತ್ತೂಭಾವು ನೆಲಕ್ಕೆ ಮಲಗಿ ಅಡಿಯಿಂದ ನೋಡಿ, "ಏಕ್ ನಂಬರ್, ಕಾಕಾ" ಎಂದು ಒಪ್ಪಿಕೊಂಡ. ಜನ ಹೋದ ಮೇಲೆ ಆ ನೀರನ್ನು ಬಟ್ಟೆಯಿಂದ ಹಿಂಡಿ ಹಿಂಡಿ ಹೊರಗೆ ಹಾಕಲು ಬಹಳ ಹೊತ್ತು ಹಿಡಿಯಿತು. ಹಿಂಡುವಾಗಲಾದರೂ ನನಗೆ ಬುದ್ಧಿ ಹೊಳೆಯಬೇಕಿತ್ತು. ಹೊಗಳಿಕೆ ಕಿವಿಯಲ್ಲಿ ತುಂಬಿದ್ದಾಗ ಅದೆಲ್ಲ ಹೊಳೆಯುವುದಿಲ್ಲ.

ಭಾನುವಾರ ಮಲ್ಲಮ್ಮ ಇಳಕಲ್ ಸೀರೆ ಉಟ್ಟು ಬಂದು, ಹೊಸ ತಗಡಿನ ಮೇಲೆ ಮೊದಲು ಒಂದು ಕಾಲಿಟ್ಟು, ಒತ್ತಿ, ಆಮೇಲೆ ಇನ್ನೊಂದು ಕಾಲಿಟ್ಟಳು. "ಕುಂದ್ರತೀನಿ. ತಂಗಿಗಿ ಬ್ಯಾಡಂತ ಫೋನ್ ಮಾಡೀನಿ. ಮತ್ತ ನನ್ನ ಮಾನ ತೆಗೀಬ್ಯಾಡ್ರಿ" ಎಂದಳು. ನಾನು ಎದೆಯುಬ್ಬಿಸಿ ಗಾಡಿ ತೆಗೆದೆ.

ವಿಶ್ರಾಂತವಾಡಿ ಮುಟ್ಟುವಷ್ಟರಲ್ಲಿ ಮಳೆ ಹೊಡೆಯಿತು. ಹಳೆಯ ವ್ಯಾನಿನ ಬಾಗಿಲ ರಬ್ಬರು ಎಂದಿನಿಂದಲೂ ಸೋರುತ್ತಿತ್ತು. ಇಷ್ಟು ವರ್ಷ ಒಳಬಂದ ನೀರು ಬಂದ ಹಾಗೇ ಕೆಳಗೆ ಹೋಗುತ್ತಿತ್ತು, ನಮಗೆ ಅದರ ಸುದ್ದಿಯೇ ಇರಲಿಲ್ಲ. ಈಗ ಹೋಗುವುದಾದರೂ ಎಲ್ಲಿಗೆ? ನಾನು ಬ್ರೇಕು ಹಾಕಿದರೆ ನೀರು ಮುಂದೆ ಬಂದು ಅವಳ ಪಾದ ತೊಳೆಯುತ್ತಿತ್ತು. ಗಾಡಿ ಮುಂದೆ ಬಿಟ್ಟರೆ ಹಿಂದೆ ರೊಟ್ಟಿಯ ಬುಟ್ಟಿಗಳತ್ತ ಸರಿಯುತ್ತಿತ್ತು. ಆ ಬಿಳಿಯ ಮನುಷ್ಯ ಬಿರಡೆ ತೋರಿಸಿ ಏನು ಹೇಳುತ್ತಿದ್ದನೆಂದು ಇಂಗ್ಲಿಷು ಬಾರದೆಯೇ ಅರ್ಥವಾಯಿತು: ನೀರು ಇಳಿಯುವ ತೂತು ಇದು, ಮುಚ್ಚಬೇಡ.  ಮಲ್ಲಮ್ಮ ಸೀರೆಯ ನೆರಿಗೆ ಎತ್ತಿಕೊಂಡು, ಎರಡೂ ಕಾಲು ಸೀಟಿನ ಮೇಲಿಟ್ಟು, ಪೂಜೆಗೆ ಕೂತವಳಂತೆ ಕೂತಳು.

ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತದ್ದು ಅದೇ ಬಿಳಿಯ ಕಾರು. ಗಾಜು ಇಳಿಯಿತು. "ಅಣ್ಣಾರ, ಅಕ್ಕ ಯಾಕ ಕಾಲ ಮ್ಯಾಲ ಇಟ್ಕೊಂಡ್ ಕುಂತಾಳ? ನಮ್ಮ ಕಡಿ ಜಾಗ ಅದ, ಬಾ ಅಕ್ಕ" ಎಂದ ಶರಣಪ್ಪ. ನಾನು ಎದುರಿನ ಕೆಂಪು ದೀಪವನ್ನೇ ನೋಡುತ್ತಿದ್ದೆ. ಅವಳು ಬಾಗಿಲು ತೆಗೆದಿದ್ದರೆ ಸಾಕಿತ್ತು, ನೀರೆಲ್ಲ ಅವನೆದುರಿಗೇ ಹೊರಗೆ ಸುರಿಯುತ್ತಿತ್ತು. ಅದರ ಜೊತೆ ನನ್ನ ಮಾನವೂ.

"ಹಿಂಗ ಕುಂತರ ನಡಕ್ಕ ಆರಾಮ ಆಗ್ತದಪ್ಪ" ಎಂದಳು ಮಲ್ಲಮ್ಮ. "ನಿಮ್ಮ ಕಾರಿನಾಗ ಹಿಂಗ ಕುಂದ್ರಲಕ ಜಾಗ ಎಲ್ಲಿ ಅದ? ನೀವು ನಡೀರಿ."

ಬಿಳಿಯ ಕಾರು ಕಣ್ಮರೆಯಾಗುವವರೆಗೆ ಅವಳು ನಗುತ್ತಲೇ ಇದ್ದಳು. ಆಮೇಲೆ ನಗುವನ್ನು ನಿಲ್ಲಿಸಿ, "ಗಾಡಿ ಬಾಜೂಕ ಹಚ್ಚರಿ. ಹತೋಡಿ ತೆಗೀರಿ" ಎಂದಳು. ನಾನು ಸೀಟಿನಡಿಯ ಸುತ್ತಿಗೆ ತೆಗೆದು, ಕೂತಲ್ಲಿಂದಲೇ ಬಗ್ಗಿ, ನೀರಿನೊಳಗೆ ಕೈಯಾಡಿಸಿ, ನನ್ನ ಏಕ್ ನಂಬರ್ ತಗಡಿನ ಮೇಲೆ ಚೂಪಾದ ಉಳಿ ಇಟ್ಟೆ. "ಅಲ್ಲಲ್ಲ, ಇನ್ನೊಂದೀಟ ಈ ಕಡಿ, ನೀರು ನಿಂತಲ್ಲಿ" ಎಂದು ಅವಳು ಸೀಟಿನ ಮೇಲಿಂದ ಜಾಗ ತೋರಿಸಿದಳು. ಹೊಡೆದೆ. ಗೊಳಗೊಳ ಎಂದು ನೀರು ಇಳಿಯಿತು. ಅವಳು ಕಾಲು ಕೆಳಗೆ ಬಿಟ್ಟಳು.

ಅಂದಿನಿಂದ ಅವಳು ಮತ್ತೆ ಮುಂದಿನ ಸೀಟಿನಲ್ಲೇ ಕೂರುತ್ತಾಳೆ. ಬಂದವರಿಗೆಲ್ಲ ನಾನು ಮ್ಯಾಟು ಎತ್ತಿ ನನ್ನ ಕೆಲಸ ತೋರಿಸುತ್ತೇನೆ. ಅಂಚು, ರಿವೆಟ್ಟಿನ ಸಾಲು, ತಗಡು ಬಾಗಿಸಿದ ರೀತಿ ಎಲ್ಲ ವಿವರಿಸುತ್ತೇನೆ. ಅವರು ಹೂಂ ಹೂಂ ಎನ್ನುತ್ತಾರೆ. ಆಗ ಮಲ್ಲಮ್ಮ ಬಂದು, "ಆ ತೂತು ನೋಡಿದ್ರಿ? ಅದು ನಾ ಹೇಳಿ ಹೊಡಿಸಿದ್ದು" ಎನ್ನುತ್ತಾಳೆ. ತಕ್ಷಣ ಎಲ್ಲರೂ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿ, ಭಾರೀ ವಿಚಾರ ಮಾಡಿ ಇಟ್ಟ ತೂತು ಎಂದು ಹೊಗಳುತ್ತಾರೆ. ಶರಣಪ್ಪನಂತೂ ತನ್ನ ಕಾರಿನಲ್ಲಿ ಅಂಥದ್ದೊಂದು ಇದೆಯೋ ಇಲ್ಲವೋ ಎಂದು ನೋಡಲು ಅವಳನ್ನೇ ಕರೆದ. ಹೋಗುವಾಗ ಅವಳು ನನ್ನ ಕಡೆ ತಿರುಗಿ ಹೇಳಿದ್ದು ಇಷ್ಟೇ: "ಬರ್ರಿ, ಹತೋಡಿ ಹಿಡೀಲಕ ಯಾರರ ಬೇಕಲ್ಲ." ನಾನು ಹತೋಡಿ ತೆಗೆದುಕೊಂಡು ಸಾವಕಾಶ ಹಿಂದೆ ಹೋದೆ.