ಮೂರು ಕಡ್ಡಿ, ಒಂದು ಡಬ್ಬಿ, ನಮ್ಮ ಬಾಸು

ಬೇರೆ ಆಫೀಸುಗಳಲ್ಲಿ ಕೆಲಸ ಆಗುತ್ತೆ, ನಮ್ಮಲ್ಲಿ ಬರೀ ಪ್ರಸಂಗಗಳು ಆಗುತ್ತವೆ. ಇಂದಿರಾನಗರದ ಒಂದು ಮನೆಯ ಮೇಲ್ಮಹಡಿಯಲ್ಲಿ ನೀರು ಪರೀಕ್ಷೆ ಮಾಡೋ ಯಂತ್ರ ತಯಾರಿಸ್ತೀವಿ ಅಂತ ಬೋರ್ಡು ಹಾಕ್ಕೊಂಡಿದ್ದೀವಿ. ಅಲ್ಲಿ ಕೆಮಿಸ್ಟ್ರಿ ಓದಿದವಳು ನಾನೊಬ್ಬಳೇ. ಹಾಗಾಗಿ ಕೆಮಿಸ್ಟ್ರಿ ವಿಷಯ ಬಂದರೆ ನನ್ನೊಬ್ಬಳನ್ನು ಬಿಟ್ಟು ಮಿಕ್ಕವರನ್ನೆಲ್ಲ ಕೇಳುತ್ತಾರೆ.

ಮೊದಲು ಡಬ್ಬಿ

ನೀರಿಗೆ ಮೂರು ಪರೀಕ್ಷೆ, ಮೂರು ಕಡ್ಡಿ. ಹುಳಿ ನೋಡೋ ಕಡ್ಡಿ ಸುಮ್ಮನೆ ನೀರಲ್ಲಿ ಕೂತು ವೋಲ್ಟೇಜ್ ಓದುತ್ತೆ. ಕ್ಲೋರಿನ್ ಕಡ್ಡಿ ತಾನೇ ವೋಲ್ಟೇಜ್ ಕೊಟ್ಟು, ಎಷ್ಟು ಕರೆಂಟ್ ಬಂತು ಅಂತ ಅಳೆಯುತ್ತೆ. ಉಪ್ಪಿನ ಕಡ್ಡಿ, ನೀರಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಓಡಾಡುತ್ತೆ ಅಂತ ನೋಡುತ್ತೆ. ಮೂರನ್ನೂ ಒಂದೇ ಯಂತ್ರದಲ್ಲಿ ಸೇರಿಸೋದು ನಮ್ಮ ಬಾಸಿನ ಕನಸು.

ಕನಸು ಬಿದ್ದ ಮಾರನೇ ದಿನವೇ ನನ್ನನ್ನು ಶಿವಾಜಿನಗರಕ್ಕೆ ಕರ್ಕೊಂಡು ಹೋದರು. ಸರ್ಕ್ಯೂಟ್ ಸಾಮಾನು ತರೋಕೆ ಅಂದ್ಕೊಂಡೆ. ಅಲ್ಲ, ಡಬ್ಬಿ ತರೋಕೆ. ಒಳಗಿನದು ಒಂದೂ ತಯಾರಾಗಿಲ್ಲ, ಇವರಿಗೆ ಮೇಲಿನ ಡಬ್ಬಿ ಚೆನ್ನಾಗಿ ಕಾಣಬೇಕು.

"ಅಂದರ್ ಕ್ಯಾ ರಖ್ತೇ ಸಾಬ್, ಒಳಗೆ ಇಡೋದಕ್ಕೆ ಎಷ್ಟು ಜಾಗ ಬೇಕು?" ಅಂದ ಅಂಗಡಿಯವನು.

"ಅದಿನ್ನೂ ಡಿಸೈಡ್ ಆಗಿಲ್ಲ. ಚಿಕ್ಕದಾಗಿರ್ಬೇಕು, ಅಷ್ಟೇ."

ಅಂಗಡಿಯವನು ಒಂದು ಪುಟ್ಟ ಸ್ಟೀಲ್ ಡಬ್ಬಿ ಒರೆಸಿ ಕೈಗಿಟ್ಟ. "ಇದು ತಗೊಳ್ಳಿ ಸಾಬ್. ಒಳಗೆ ಏನೂ ಹಿಡೀದಿದ್ರೆ ಚಟ್ನಿ ಹಾಕ್ಕೊಂಡು ಹೋಗ್ಬಹುದು."

ಎಲ್ಲವೂ ಒಟ್ಟಿಗೆ

ಡಬ್ಬಿ ಚಿಕ್ಕದು, ಹಾಗಾಗಿ ಒಳಗೆ ನೀರು ಹಾಕೋ ಲೋಟ ಇನ್ನೂ ಚಿಕ್ಕದು, ಕಾಫಿ ಡಿಕಾಕ್ಷನ್ ಅಳೆಯೋ ಚಮಚದಷ್ಟು. ನಾನು ಬಿಡಿಸಿ ಹೇಳಿದೆ. "ಸಾರ್, ಹುಳಿ ಕಡ್ಡಿ ಹೊಟ್ಟೇಲಿ ಉಪ್ಪಿನ ದ್ರಾವಣ ಇದೆ. ಅದು ಚೂರುಚೂರು ಸೋರುತ್ತೆ, ಸೋರ್ಲೇಬೇಕು, ಇಲ್ದಿದ್ರೆ ಕಡ್ಡಿ ಕೆಲಸ ಮಾಡಲ್ಲ. ಮೊದಲು ನೀರಿನ ಉಪ್ಪು ನೋಡಿ, ಆಮೇಲೆ ಹುಳಿ ಕಡ್ಡಿ ಅದ್ದೋಣ."

"ಆಗಲ್ಲಮ್ಮ. 'ಎಲ್ಲವೂ ಒಟ್ಟಿಗೆ' ಅಂತ ಸ್ಲೈಡಲ್ಲಿ ಹಾಕ್ಬಿಟ್ಟಿದ್ದೀನಿ."

ಸ್ಲೈಡಿಗೆ ರಸಾಯನಶಾಸ್ತ್ರ ಹೆದರಬೇಕಂತೆ. ಮೂರು ಕಡ್ಡೀನೂ ಮುಚ್ಚಳಕ್ಕೇ ಅಂಟಿಸಿಬಿಟ್ಟರು. ಆಫೀಸಿನ ನಲ್ಲಿ ನೀರು ಹಾಕಿ ಸ್ವಿಚ್ ಒತ್ತಿದರೆ, ಕ್ಲೋರಿನ್ ಕಡ್ಡಿಯ ಕರೆಂಟಿಗೆ ಹುಳಿ ಕಡ್ಡಿ ತಲೆಕೆಟ್ಟು ಕುಣಿಯಿತು. ಲಿಂಬೆರಸಕ್ಕಿಂತ ಹುಳಿ ಅಂತ ತೋರಿಸ್ತು. ನಾನು ಬಾಸಿನ ಮುಖ ನೋಡಿದೆ. ಅವರು ಗಂಭೀರವಾಗಿ ತಲೆ ಆಡಿಸಿ, "ಅದಕ್ಕೇ ಇತ್ತೀಚೆಗೆ ನಂಗೆ ಎದೆ ಉರಿ" ಅಂದರು.

ಭಾಷಣದ ರುಚಿ

ಕೊನೆಗೆ ಮೂರು ಕಡ್ಡಿಗಳೂ ಸರದಿ ಮೇಲೆ ಓದೋ ಹಾಗೆ ಮಾಡಿದೆ. ಆದರೆ ಮೂರೂ ಒಂದೇ ಲೋಟದಲ್ಲೇ ಮುಳುಗಿರುತ್ತಿದ್ದವು. ಈ ಡಬ್ಬಿಯನ್ನು ಬಾಸು ಜೀವನ್ ಬಿಮಾ ನಗರದ ಒಂದು ಅಪಾರ್ಟ್‌ಮೆಂಟಿಗೆ ಟ್ರಯಲ್ಲಿಗೆ ಕೊಟ್ಟರು. ಅಲ್ಲಿಗೆ ಟ್ಯಾಂಕರ್ ನೀರು ಹೊಡೆಸೋದು ಕೆ.ಆರ್.ಪುರದ ಒಬ್ಬ ಹೆಂಗಸು. ಡಬ್ಬಿ ಅವಳ ನೀರನ್ನು ಉಪ್ಪು ಅಂತು. ಟ್ಯಾಂಕರ್ ನಿಲ್ಲಿಸೋಕೆ ಅಪಾರ್ಟ್‌ಮೆಂಟಿನವರು ಮೀಟಿಂಗ್ ಕರೆದರು.

ಗೇಟಲ್ಲೇ ಅವಳು ನನ್ನ ಕೈ ಹಿಡ್ಕೊಂಡಳು. "ಅಕ್ಕ, ನಿಜ ಹೇಳಿ, ನನ್ನ ನೀರು ಉಪ್ಪಾ? ನಾನಿರೋದು ಇದೊಂದು ಅಪಾರ್ಟ್‌ಮೆಂಟ್ ನಂಬ್ಕೊಂಡು."

ತಪ್ಪು ನಮ್ಮ ಕಡ್ಡಿಯದು ಅಂತ ಬಾಸಿಗೆ ಹೇಳಿದರೆ, "ಮೀಟಿಂಗಲ್ಲಿ ಕೆಮಿಸ್ಟ್ರಿ ತೆಗೀಬೇಡಮ್ಮ" ಅಂದರು.

ಮೀಟಿಂಗ್ ಶುರುವಾದ ಕೂಡಲೇ ಬಾಸು ತಮ್ಮದೇ ದುಬಾರಿ ಬಾಟಲಿ ನೀರು ಡಬ್ಬಿಯ ಲೋಟಕ್ಕೆ ಸುರಿದು, "ಶುದ್ಧ ನೀರು ಅಂದ್ರೆ ಏನಂತ ನೋಡಿ" ಅಂದರು. ಡಬ್ಬಿಗೆ ಜೋಡಿಸಿ ಗೋಡೆಗೆ ಹಾಕಿದ್ದ ಪರದೆ ಮೇಲೆ ಹಸಿರು ಬಂತು, 'ಉತ್ತಮ' ಅಂತ. ಅಲ್ಲಿಗೆ ಮುಗಿಸಿದ್ದರೆ ಆಗ್ತಿತ್ತು. ಆದರೆ ಮೈಕು ಸಿಕ್ಕಿದರೆ ಇವರು ಬಿಡೋ ಪೈಕಿ ಅಲ್ಲ. ನೀರು, ಭೂಮಿ, ಮನುಕುಲ, ತಮ್ಮ ಬಾಲ್ಯ ಅಂತ ಒಂದೊಂದೇ ಬಿಚ್ಚಿದರು. ಅವರ ಬೆನ್ನ ಹಿಂದೆ ಉಪ್ಪಿನ ಅಂಕಿ ಏರ್ತಾನೇ ಇತ್ತು. ಹಸಿರು ಹೋಗಿ ಹಳದಿ ಆಯ್ತು. ಜನ ಕಣ್ಣು ಮಿಟುಕಿಸದೆ ನೋಡ್ತಾ ಕೂತರು. ತಮ್ಮ ಮಾತಿಗೇ ಮರುಳಾದ್ರು ಅಂದ್ಕೊಂಡು ಬಾಸು ಇನ್ನಷ್ಟು ಎಳೆದರು. ಪರದೆ ಕೆಂಪಾಯ್ತು. 'ಕುಡಿಯಲು ಯೋಗ್ಯವಲ್ಲ.' ಅಷ್ಟರಲ್ಲಿ ಗಂಟಲು ಒಣಗಿ, ಬಾಸು ಬಾಟಲಿಯಲ್ಲಿ ಉಳಿದಿದ್ದನ್ನು ಗಟಗಟ ಕುಡಿದುಬಿಟ್ಟರು.

ನಾನು ಎದ್ದು ನಿಂತೆ. "ಉಪ್ಪು ಟ್ಯಾಂಕರ್ ನೀರಲ್ಲಿಲ್ಲ. ಹುಳಿ ಕಡ್ಡಿ ಸೋರಿ ನಮ್ಮ ಡಬ್ಬಿನೇ ಹಾಕ್ತಿದೆ. ಜಾಸ್ತಿ ಹೊತ್ತು ಇಟ್ಟಷ್ಟೂ ಜಾಸ್ತಿ ಹಾಕುತ್ತೆ."

ಅಪಾರ್ಟ್‌ಮೆಂಟಿನ ಸೆಕ್ರೆಟರಿ ಪರದೆ ನೋಡಿದರು, ಬಾಸನ್ನೂ ನೋಡಿದರು. "ಟ್ಯಾಂಕರ್ ನಾಳೆನೂ ಬರ್ಲಿ. ಇವ್ರು ಮಾತ್ರ ಬೇಡ" ಅಂದರು. ಟ್ಯಾಂಕರಿನವಳು ಸೆರಗಲ್ಲಿ ಮುಖ ಒರೆಸ್ಕೊಂಡು, ನಾಳೆಯ ಲೋಡಿಗೆ ಅಲ್ಲಿಂದಲೇ ಡ್ರೈವರಿಗೆ ಫೋನ್ ಹಚ್ಚಿದಳು.

ವಾಪಸ್ ಬರೋವಾಗ ಆಟೋದಲ್ಲಿ ಬಾಸು ದೊಮ್ಮಲೂರು ದಾಟೋವರೆಗೂ ಡಬ್ಬಿ ತೊಡೆ ಮೇಲಿಟ್ಕೊಂಡು ಒರೆಸ್ತಾನೇ ಇದ್ದರು. ನನ್ನ ಕೆಲಸ ಹೋಯ್ತು, ಹೋದರೆ ಹೋಗ್ಲಿ ಅಂತ ಕೂತಿದ್ದೆ. ಆಮೇಲೆ ನಿಧಾನಕ್ಕೆ ನನ್ನ ಕಡೆ ತಿರುಗಿದರು.

"ಅಲ್ಲಮ್ಮ, ನಮ್ಮ ಡಬ್ಬಿ ಶುದ್ಧ ನೀರಿಗೆ ತಾನಾಗೇ ಉಪ್ಪು ಸೇರಿಸುತ್ತೆ ಅಂದೆಯಲ್ಲ? ಮಿನರಲ್ ವಾಟರ್ ಮಾಡೋ ಮಷೀನ್ ಅಂತ ಮಾರೋಣ. ಡಬ್ಬಿ ಮುಟ್ಟೋದೇ ಬೇಡ, ಸ್ಲೈಡ್ ಬದಲಾಯಿಸು ಸಾಕು."